ಮಕ್ಕಳಿಗೆ ಏನನ್ನು ತೋರಿಸಿ ಕರೆತರುತ್ತೇವೆ?

ದೀಪಾವಳಿ ಕಳೆದು ಸಂಕ್ರಾಂತಿ ಬರುವವರೆಗಿನ ಅವಧಿ ನಮ್ಮ ಗ್ರಾಮೀಣ ಶಾಲೆಗಳಿಗೆ ಪ್ರವಾಸದ ಕಾಲ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಶಾಲೆಗಳು ಮಕ್ಕಳನ್ನು ಗೋಕಾಕ ಜಲಪಾತಕ್ಕೆ, ಹಿಡಕಲ್ ಜಲಾಶಯಕ್ಕೆ, ಬೆಳಗಾವಿ ಬಳಿಯ ಭೂತರಾಮನಹಟ್ಟಿಯ ಕಿರು ಮೃಗಾಲಯಕ್ಕೆ ಕರೆದೊಯ್ಯುತ್ತವೆ. ರಾಜ್ಯದ ಹಲವೆಡೆ ಈಚಿನ ವರ್ಷಗಳಲ್ಲಿ ಇಂತಹ ಪಟ್ಟಿಗೆ ಇನ್ನೊಂದು ಬಗೆಯ ತಾಣವೂ ಸೇರಿಕೊಂಡಿದೆ. ಒಂದು ಕುಟುಂಬ ತನ್ನ ಮನೆಯ ಹಿತ್ತಲಿನಲ್ಲಿಯೋ ತೋಟದ ಅಂಚಿನಲ್ಲಿಯೋ ನಡೆಸುವ ಸಣ್ಣ ಮತ್ಸ್ಯಾಲಯ. ಅದರ ಜೊತೆಗೇ ಗಾಯಗೊಂಡ ಹದ್ದು, ತಾಯಿ ತಪ್ಪಿದ ಮರಿ, ಯಾರೋ ಬೇಡವೆಂದು ತಂದೊಪ್ಪಿಸಿದ ಆಮೆ, ಮೊಲ, ಗಿಳಿಗಳಿಗೊಂದು ಆಶ್ರಯ. ದೊಡ್ಡ ಮೃಗಾಲಯಕ್ಕೆ ಹೋಗಲು ಬಸ್ಸಿನ ಬಾಡಿಗೆ ಹೊಂದಿಸಲಾಗದ ಶಾಲೆಗೂ, ರಜೆಯಲ್ಲಿ ಮಕ್ಕಳ ಕೈಹಿಡಿದು ಹೊರಡುವ ತಂದೆತಾಯಿಗೂ ಇಂತಹ ಸ್ಥಳ ಎಟಕುವಂತಹುದು. ಅಲ್ಲಿನ ಒಡೆಯರೇ ಎದುರು ನಿಂತು ಪ್ರತಿಯೊಂದು ಪ್ರಾಣಿಯ ಕಥೆ ಹೇಳುತ್ತಾರೆ. ಮಕ್ಕಳು ಬಾಯಿಬಿಟ್ಟು ಕೇಳುತ್ತಾರೆ.

ಇಂತಹ ಸ್ಥಳಗಳಿಗೆ ಮಕ್ಕಳನ್ನು ಕರೆದೊಯ್ಯುವುದು ಸರಿಯೇ ಎಂದು ಕೌಜಲಗಿ ಕಡೆಯ ಶಿಕ್ಷಕ ಮಿತ್ರರು ಕೇಳಿದ್ದಾರೆ. ಬೆಟ್ಟದ ಪತ್ರಿಕೆಗೆ ಎರೆಭೂಮಿಯ ಊರಿನಿಂದ ಬಂದ ಈ ಪ್ರಶ್ನೆ ನಮಗೆ ಹೊರಗಿನದಲ್ಲ. ಸಹ್ಯಾದ್ರಿಯ ಮಳೆಯೇ ಘಟಪ್ರಭೆಯಾಗಿ, ಹಿರಣ್ಯಕೇಶಿಯಾಗಿ ಆ ಬಯಲಿಗೆ ಇಳಿಯುತ್ತದೆ. ಮೇಲಿನ ಕಾಡಿನಲ್ಲಿ ನಾವು ಕಳೆದುಕೊಂಡದ್ದು ಕೆಳಗಿನ ಹೊಲದಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಈ ಸಂಚಿಕೆಯ ಸಂಪಾದಕೀಯವನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ. ಹೋಗಿರಿ ಅಥವಾ ಹೋಗಬೇಡಿರಿ ಎಂಬ ಒಂದೇ ಮಾತಿನ ಉತ್ತರ ಇದಕ್ಕೆ ಸಾಲದು. ಯಾವ ಸ್ಥಳಕ್ಕೆ, ಏನನ್ನು ನೋಡಲು, ಏನನ್ನು ಕೇಳಿ ತಿಳಿಯಲು ಎಂಬುದು ನಿರ್ಧಾರವಾದ ಮೇಲೆಯೇ ಉತ್ತರ ದೊರೆಯುತ್ತದೆ.

ಮೊದಲು ಕುಟುಂಬ ನಡೆಸುವ ಆಶ್ರಯತಾಣಗಳ ಹಿರಿಮೆಯನ್ನು ಒಪ್ಪಿಕೊಳ್ಳೋಣ. ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಹೇಮಲಕಸಾದಲ್ಲಿ ಬಾಬಾ ಆಮ್ಟೆಯವರು 1973ರ ಡಿಸೆಂಬರ್ 23ರಂದು ಲೋಕ ಬಿರಾದರಿ ಪ್ರಕಲ್ಪವನ್ನು ಆರಂಭಿಸಿದರು. ಅವರ ಮಗ ಡಾ. ಪ್ರಕಾಶ ಆಮ್ಟೆ, ಸೊಸೆ ಡಾ. ಮಂದಾಕಿನಿ ಆಮ್ಟೆ ಅಲ್ಲಿನ ಮಾಡಿಯಾ ಗೊಂಡ ಜನರಿಗೆ ವೈದ್ಯರಾಗಿ ನೆಲೆನಿಂತರು. ಕಾಡಿನ ದಾರಿಯಲ್ಲಿ ಬೇಟೆಗಾರರು ಸತ್ತ ಕೋತಿಯನ್ನು ಹೊತ್ತು ತರುತ್ತಿದ್ದಾಗ ಅದರ ಮೈಗೆ ಅಂಟಿಕೊಂಡೇ ಇದ್ದ ಜೀವಂತ ಮರಿಯನ್ನು ಕಂಡು ಬೇಡಿ ಪಡೆದದ್ದೇ ಅವರ ಪ್ರಾಣಿ ಅನಾಥಾಲಯದ ಮೊದಲ ಹೆಜ್ಜೆ. ಹಸಿವಿಗಾಗಿ ಬೇಟೆಯಾಡುವ ಜನರನ್ನು ಅವರು ಗದರಿಸಲಿಲ್ಲ. ಮರಿಗಳನ್ನು ಕೊಲ್ಲದೆ ತಂದೊಪ್ಪಿಸಿದರೆ ಬದಲಿಗೆ ಧಾನ್ಯ ಕೊಡುವುದಾಗಿ ಹೇಳಿದರು. ಚಿರತೆ, ಕರಡಿ, ಕತ್ತೆಕಿರುಬ, ಜಿಂಕೆಗಳು ಹೀಗೆ ಆ ಮನೆಯಂಗಳಕ್ಕೆ ಬಂದವು. 2008ರಲ್ಲಿ ಈ ದಂಪತಿಗೆ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಚೆನ್ನೈ ಸಮೀಪದ ಮೊಸಳೆ ಬ್ಯಾಂಕ್ ಕೂಡ 1976ರಲ್ಲಿ ರೋಮುಲಸ್ ವಿಟೇಕರ್ ಮತ್ತು ಝಾಯಿ ವಿಟೇಕರ್ ದಂಪತಿಯ ಮುತುವರ್ಜಿಯಿಂದ ಹುಟ್ಟಿದ್ದು. ಅಳಿವಿನಂಚಿಗೆ ಸರಿದಿದ್ದ ಮೊಸಳೆಗಳನ್ನು ಅಲ್ಲಿ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಬೆಳೆಸಲಾಯಿತು. ಅದೇ ವಿಟೇಕರ್ 2005ರಲ್ಲಿ ನಮ್ಮ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಸರ್ಕಾರಿ ಕಡತ ಚಲಿಸುವ ಮೊದಲೇ ಒಂದು ಮನೆಯವರ ಕರುಣೆ ಚಲಿಸಬಲ್ಲದು ಎಂಬುದಕ್ಕೆ ಇವು ಸಾಕ್ಷಿ.

ಆದರೆ ನಮ್ಮ ಹಳ್ಳಿಗಳಿಗೆ ಇನ್ನೂ ಹತ್ತಿರವಾದ ಮಾದರಿಯೊಂದು ಕರ್ನಾಟಕದಲ್ಲಿಯೇ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಹುಣಸೆ, ಆಲದ ಜಾತಿಯ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ತಾಣವನ್ನು ಹೊರಲೋಕದ ಗಮನಕ್ಕೆ ತಂದರು. ಗಾಳಿಗೋ, ಗೂಡಿನೊಳಗಿನ ತಿಕ್ಕಾಟಕ್ಕೋ ಮರಿಗಳು ನೆಲಕ್ಕೆ ಬೀಳುತ್ತವೆ. ಬಿದ್ದ ಮರಿಯನ್ನು ತಾಯಿ ಮೇಲಕ್ಕೆ ಒಯ್ಯಲಾರದು. ಅದು ನಾಯಿಯ ಪಾಲಾಗುತ್ತದೆ, ಇಲ್ಲವೇ ಹಸಿದು ಸಾಯುತ್ತದೆ. 1994ರಲ್ಲಿ ಆ ಊರಿನ ತರುಣರು ಸೇರಿ ಕಟ್ಟಿಕೊಂಡ ಹೆಜ್ಜಾರ್ಲೆ ಬಳಗ ಇಂತಹ ಮರಿಗಳನ್ನು ಎತ್ತಿ ತಂದು, ಬೇಲಿ ಹಾಕಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುವ ಕೆಲಸ ಮಾಡಿತು. 2007ರಲ್ಲಿ ಈ ಗ್ರಾಮ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಅಲ್ಲಿಗೆ ಹೋದ ಮಗು ನೋಡುವುದು ಪಂಜರದ ಪಕ್ಷಿಯನ್ನಲ್ಲ. ತಲೆಯ ಮೇಲೆ ಗೂಡು, ಕೆಳಗೆ ಚಿಕಿತ್ಸೆಯ ಆವರಣ, ಪಕ್ಕದಲ್ಲಿ ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಒಯ್ಯುವ ರೈತ, ಮೂರೂ ಒಂದೇ ನೋಟದಲ್ಲಿ ಕಾಣುತ್ತವೆ. ಪ್ರಾಣಿಯನ್ನು ಕಾಪಾಡುವುದೆಂದರೆ ಅದನ್ನು ನಮ್ಮದಾಗಿಸಿಕೊಳ್ಳುವುದಲ್ಲ, ಅದರದಾಗಿದ್ದ ಸ್ಥಳಕ್ಕೆ ಹಿಂದಿರುಗಿಸುವುದು ಎಂಬ ಪಾಠ ಅಲ್ಲಿ ಮಾತಿಲ್ಲದೆ ಆಗುತ್ತದೆ.

ಇಲ್ಲಿಯೇ ನಮ್ಮ ಮೊದಲ ಅಳತೆಗೋಲು ದೊರೆಯಿತು. ಒಂದು ಪ್ರಾಣಿ ಆಶ್ರಯತಾಣದ ಯೋಗ್ಯತೆಯನ್ನು ಅದರೊಳಗೆ ಎಷ್ಟು ಪ್ರಾಣಿಗಳಿವೆ ಎಂಬುದರಿಂದ ಅಳೆಯಬಾರದು. ಎಷ್ಟು ಹೊರಗೆ ಹೋಗಿವೆ ಎಂಬುದರಿಂದ ಅಳೆಯಬೇಕು. ಗುಣವಾಗಿ ಕಾಡಿಗೆ ಮರಳಬಲ್ಲ ಪ್ರಾಣಿಯನ್ನು ಟಿಕೆಟ್ಟಿನ ಆದಾಯಕ್ಕಾಗಿ ಉಳಿಸಿಕೊಂಡ ದಿನವೇ ಆಶ್ರಯವು ಪ್ರದರ್ಶನವಾಗಿ ಬದಲಾಗುತ್ತದೆ. ರೆಕ್ಕೆ ಮುರಿದು ಮತ್ತೆ ಹಾರಲಾರದ ಹದ್ದು, ಕಣ್ಣು ಕಳೆದುಕೊಂಡ ನರಿ, ಮರಿಯಿದ್ದಾಗಿನಿಂದ ಮನುಷ್ಯರ ಕೈತುತ್ತು ತಿಂದು ಬೇಟೆಯನ್ನೇ ಕಲಿಯದ ಗೂಬೆ, ಇವುಗಳ ಮಾತು ಬೇರೆ. ಇವುಗಳಿಗೆ ಬದುಕಿರುವವರೆಗೂ ಆಸರೆ ಬೇಕು. ಅವುಗಳ ಕಥೆ ಮಕ್ಕಳಿಗೆ ತಿಳಿಯುವುದರಲ್ಲಿ ತಪ್ಪಿಲ್ಲ. ಆ ಮಕ್ಕಳು ಕೊಡುವ ಹತ್ತು ಇಪ್ಪತ್ತು ರೂಪಾಯಿಗಳಿಂದಲೇ ಅವುಗಳ ಆಹಾರ ನಡೆಯಬೇಕಾದ ಕಷ್ಟವನ್ನೂ ನಾವು ಬಲ್ಲೆವು. ಆ ಕಷ್ಟವನ್ನು ಹಗುರವಾಗಿ ಕಾಣುವ ಉದ್ದೇಶ ನಮ್ಮದಲ್ಲ. ಆದರೆ ಎರಡು ಬಗೆಯ ಪ್ರಾಣಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತೋರಿಸಬಾರದು.

ಎರಡನೆಯ ಸಂಗತಿ ರೋಗಕ್ಕೆ ಸಂಬಂಧಿಸಿದ್ದು. 2025ರ ನವೆಂಬರ್ ತಿಂಗಳಲ್ಲಿ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಕಿರು ಮೃಗಾಲಯದಲ್ಲಿ ಕೆಲವೇ ದಿನಗಳ ಅಂತರದಲ್ಲಿ 31 ಕೃಷ್ಣಮೃಗಗಳು ಸತ್ತ ಸುದ್ದಿಯನ್ನು ಬೆಳಗಾವಿ ಜಿಲ್ಲೆಯ ಯಾರೂ ಮರೆತಿರಲಾರರು. ಅಲ್ಲಿದ್ದ 38 ಕೃಷ್ಣಮೃಗಗಳಲ್ಲಿ ಉಳಿದದ್ದು ಏಳು. ಕಾರಣ ನಮ್ಮ ದನಗಾರರಿಗೆ ಚಿರಪರಿಚಿತವಾದ ಗಳಲೆ ರೋಗ. ಎಮ್ಮೆ, ದನಗಳಿಗೆ ವರ್ಷವರ್ಷವೂ ಲಸಿಕೆ ಹಾಕಿಸಿ ನಾವು ದೂರವಿಡುವ ಅದೇ ಸೂಕ್ಷ್ಮಾಣುಜನ್ಯ ರೋಗ ಇಡೀ ಹಿಂಡನ್ನೇ ಬಲಿ ತೆಗೆದುಕೊಂಡಿತು. ಅದು ಸರ್ಕಾರದ ಸಿಬ್ಬಂದಿಯೂ ಅನುದಾನವೂ ಇದ್ದ ಮೃಗಾಲಯ. ಬಯಲಿನಲ್ಲಿ ಚದುರಿ ಮೇಯುವ ಹಿಂಡಿನಲ್ಲಿ ಒಂದು ಪ್ರಾಣಿಗೆ ರೋಗ ತಗುಲಿದರೆ ಉಳಿದವು ದೂರವಿರುವ ಅವಕಾಶವುಂಟು. ಬೇಲಿಯೊಳಗೆ ಒಂದೇ ನೀರು, ಒಂದೇ ಮೇವಿನ ತೊಟ್ಟಿಯ ಸುತ್ತ ನಿಂತ ಹಿಂಡಿಗೆ ಆ ಅವಕಾಶವಿಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿಯೂ 2017-18ರಲ್ಲಿ ಹುಳುಬಾಧೆಯಿಂದ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಹೀಗಿರುವಾಗ ಮನೆಯ ಹಿತ್ತಲಿನಲ್ಲಿ ಬೇರೆ ಬೇರೆ ಊರುಗಳಿಂದ ಬಂದ, ಬೇರೆ ಬೇರೆ ಗಾಯ, ಜ್ವರ, ಹುಳುಗಳನ್ನು ಹೊತ್ತು ತಂದ ಪ್ರಾಣಿಗಳನ್ನು ಒಟ್ಟಿಗೆ ಇಡುವ ಕುಟುಂಬದ ಹೊಣೆ ಎಷ್ಟು ದೊಡ್ಡದೆಂದು ಊಹಿಸಬಹುದು. ಹೊಸದಾಗಿ ಬಂದ ಪ್ರಾಣಿಯನ್ನು ಕೆಲವು ವಾರ ಪ್ರತ್ಯೇಕವಾಗಿಡುವ ಕೋಣೆ ಇದೆಯೇ, ಕರೆದಾಗ ಬರುವ ಪಶುವೈದ್ಯರಿದ್ದಾರೆಯೇ ಎಂಬುದು ಕುತೂಹಲದ ಪ್ರಶ್ನೆಯಲ್ಲ, ಜೀವ ಮರಣದ ಪ್ರಶ್ನೆ.

ಮಕ್ಕಳ ಆರೋಗ್ಯವೂ ಇದರಲ್ಲಿ ಸೇರಿದೆ. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಾಣು ಯಾವ ಲಕ್ಷಣವನ್ನೂ ತೋರದೆ ನೆಲೆಸಿರುತ್ತದೆ. ಮಕ್ಕಳು ಮರಿ ಆಮೆಗಳನ್ನು ಆಡಿಸಿ ಕೈಯನ್ನು ಬಾಯಿಗಿಟ್ಟು ಕಾಯಿಲೆ ಬೀಳುತ್ತಾರೆಂದು ಅಮೆರಿಕ ದೇಶವು 1975ರಲ್ಲಿಯೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಸದ ತಾಣ ಎಷ್ಟೇ ಪ್ರೀತಿಯಿಂದ ನಡೆಯುತ್ತಿದ್ದರೂ ಮಕ್ಕಳಿಗೆ ತಕ್ಕದ್ದಲ್ಲ.

ಇನ್ನು ಮತ್ಸ್ಯಾಲಯದ ವಿಚಾರ. ಗಾಜಿನ ತೊಟ್ಟಿಯ ಮುಂದೆ ನಿಂತ ಮಗುವಿಗೆ ಬಣ್ಣ ಕಾಣುತ್ತದೆ. ಅಲ್ಲಿ ಕಾಣದೆ ನಡೆಯುವ ಕೆಲಸವನ್ನು ತಿಳಿಸಿಕೊಟ್ಟರೆ ಆ ತೊಟ್ಟಿಯೇ ಒಂದು ಪಾಠಶಾಲೆಯಾಗುತ್ತದೆ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಬಿಡುತ್ತದೆ. ಅದು ಮೀನಿಗೇ ವಿಷ. ತೊಟ್ಟಿಯ ಮರಳು, ಕಲ್ಲು, ಸೋಸುಗಗಳಲ್ಲಿ ಅಂಟಿಕೊಂಡ ಒಂದು ಗುಂಪಿನ ಜೀವಾಣುಗಳು ಆ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪಿನವು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನಾವು ಕಬ್ಬಿಗೆ, ಗೋವಿನಜೋಳಕ್ಕೆ ಯೂರಿಯಾ ಹಾಕಿದಾಗ ಎರೆಮಣ್ಣಿನಲ್ಲಿ ನಡೆಯುವುದೂ ಇದೇ ಕ್ರಿಯೆ. ಹೊಸ ತೊಟ್ಟಿಯಲ್ಲಿ ಈ ಜೀವಾಣುಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ಜಾತ್ರೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕೊಂಡು ತಂದ ಮೀನು ವಾರದೊಳಗೆ ಸಾಯುವುದು ಮಗುವಿನ ದುರದೃಷ್ಟದಿಂದಲ್ಲ. ಅದರ ತೊಟ್ಟಿಯ ನೀರು ಇನ್ನೂ ಜೀವಂತವಾಗಿರಲಿಲ್ಲ, ಅಷ್ಟೇ. ಬೆಚ್ಚಗಿನ ನೀರು ಆಮ್ಲಜನಕವನ್ನು ಕಡಿಮೆ ಹಿಡಿದುಕೊಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದಾದರೆ 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಬಾಯಿ ಕಿರಿದಾದ ದುಂಡು ಬೋಗುಣಿಯಲ್ಲಿ ನಮ್ಮ ಬಯಲುಸೀಮೆಯ ಬೇಸಿಗೆಯನ್ನು ಒಂದು ಚಿನ್ನದ ಮೀನು ಹೇಗೆ ಕಳೆಯುತ್ತದೆಂಬುದನ್ನು ಇದರಿಂದ ಅರಿಯಬಹುದು. ಸರಿಯಾಗಿ ಸಾಕಿದರೆ ಅದೇ ಮೀನು ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ, ಒಂದು ಅಡಿಯವರೆಗೂ ಬೆಳೆಯಬಲ್ಲದು.

ಈ ಪಾಠವನ್ನು ತೊಟ್ಟಿಯಿಂದ ಹೊಳೆಗೆ ಒಯ್ಯುವುದು ಶಿಕ್ಷಕರ ಕೆಲಸ. ಊರಿನ ಚರಂಡಿ ನೀರಿನಲ್ಲಿರುವ ಕೊಳೆ ಕರಗಲು ಲೀಟರಿಗೆ ಕೆಲವು ನೂರು ಮಿಲಿಗ್ರಾಂ ಆಮ್ಲಜನಕ ಬೇಕಾಗುತ್ತದೆ. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕಪ್ಪು ನೀರಿಗೆ ಬೇಕಾಗುವುದು ಲೀಟರಿಗೆ ನಲವತ್ತು ಐವತ್ತು ಸಾವಿರ ಮಿಲಿಗ್ರಾಂ. ಇಂತಹ ನೀರು ಬೇಸಿಗೆಯ ಬಡಕಲು ಹೊಳೆಗೆ ಸೇರಿದರೆ ಮೀನಿಗೆ ಉಸಿರಾಡಲು ಏನೂ ಉಳಿಯದು. ಗಾಜಿನ ತೊಟ್ಟಿಗೆ ಗಾಳಿ ಊದುವ ಯಂತ್ರವಿದೆ. ಘಟಪ್ರಭೆಗೆ ಅಂತಹ ಯಂತ್ರವಿಲ್ಲ. ಮತ್ಸ್ಯಾಲಯಕ್ಕೆ ಹೋಗಿ ಬಂದ ಮಗುವಿನ ಮನಸ್ಸಿನಲ್ಲಿ ಈ ಹೋಲಿಕೆ ಮೂಡಿದರೆ ಆ ಪ್ರವಾಸದ ಖರ್ಚು ಸಾರ್ಥಕವಾಯಿತು.

ತೊಟ್ಟಿಯಲ್ಲಿ ತಿರುಗುವ ಮೀನು ಎಲ್ಲಿಂದ ಬಂತು ಎಂಬುದು ಮುಂದಿನ ಪ್ರಶ್ನೆ. ಬಹುಪಾಲು ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವು. ಆದರೆ ಎಲ್ಲವೂ ಅಲ್ಲ. ನಮ್ಮ ಸಹ್ಯಾದ್ರಿಯ ಹಳ್ಳಗಳಲ್ಲಿ ಮಾತ್ರ ಇರುವ, ಮೈಮೇಲೆ ಕೆಂಪು ಪಟ್ಟೆಯುಳ್ಳ ಡೆನಿಸನ್ ಬಾರ್ಬ್ ಎಂಬ ಮೀನನ್ನು ವ್ಯಾಪಾರಿಗಳು ‘ಮಿಸ್ ಕೇರಳ’ ಎಂದು ಹೆಸರಿಟ್ಟು ವಿದೇಶಗಳಿಗೆ ಕಳುಹಿಸುತ್ತಾ ಬಂದರು. ಅದು ಅಪಾಯದಂಚಿಗೆ ಬಂದ ಮೇಲೆ ಕೇರಳ ಸರ್ಕಾರ 2008ರಲ್ಲಿ ಅದರ ಹಿಡಿಯುವಿಕೆಗೆ ಕಟ್ಟುಪಾಡು ವಿಧಿಸಬೇಕಾಯಿತು. ಹೊರಗಿನಿಂದ ಒಳಬರುವ ಜೀವಿಗಳದ್ದು ಇನ್ನೊಂದು ಕಥೆ. ಕೆನ್ನೆಯ ಮೇಲೆ ಕೆಂಪು ಗೆರೆಯಿರುವ ಅಮೆರಿಕದ ಆಮೆಮರಿಯನ್ನು ರೂಪಾಯಿ ನಾಣ್ಯದ ಗಾತ್ರವಿದ್ದಾಗ ಮಾರುತ್ತಾರೆ. ಅದು ಊಟದ ತಟ್ಟೆಯಷ್ಟು ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಮೂರನೆಯ ವರ್ಷಕ್ಕೆ ಮನೆಯವರಿಗೆ ಬೇಸರ ಬಂದು ಅದನ್ನು ಕೆರೆಗೆ ಬಿಡುತ್ತಾರೆ. ಅಲ್ಲಿ ನಾಡಿನ ಆಮೆಗಳ ಬಿಸಿಲು ಕಾಯುವ ಬಂಡೆ, ಆಹಾರ ಎಲ್ಲವನ್ನೂ ಅದು ಕಸಿದುಕೊಳ್ಳುತ್ತದೆ. ತೊಟ್ಟಿಯ ಪಾಚಿ ತಿನ್ನಲೆಂದು ತರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಆಂಧ್ರ, ಕೇರಳ, ಬಂಗಾಳಗಳ ಜಲಮೂಲಗಳಲ್ಲಿ ಬೇರೂರಿ ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿದರೂ ಅದು ಹೊಂಡಗಳಿಂದ ಹೊಳೆಗಳಿಗೆ ಹರಡುವುದು ನಿಲ್ಲಲಿಲ್ಲ. ನಮ್ಮ ಭಾಗದಲ್ಲಿ ಕಾಲುವೆಗಳ ಜಾಲವಿದೆ. ಒಂದು ಮನೆಯ ತೊಟ್ಟಿಯಿಂದ ಕಾಲುವೆಗೆ ಬಿದ್ದ ಮೀನು ಹತ್ತಾರು ಊರುಗಳ ನೀರಿಗೆ ದಾರಿ ಪಡೆದಂತೆಯೇ. ಬೇಡವಾದ ಮೀನನ್ನು ‘ಪಾಪ, ಬದುಕಿಕೊಳ್ಳಲಿ’ ಎಂದು ಹೊಳೆಗೆ ಬಿಡುವುದು ಕರುಣೆಯಲ್ಲ ಎಂಬುದನ್ನು ಮಕ್ಕಳಿಗೆ ಖಂಡಿತವಾಗಿ ತಿಳಿಸಬೇಕು.

ಕಾನೂನಿನ ನಾಲ್ಕು ಮಾತುಗಳನ್ನು ಎಲ್ಲರೂ ಅರಿತಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಿನ ಗಿಳಿ, ನಕ್ಷತ್ರ ಆಮೆ, ಮುಂಗುಸಿ, ಉಡ ಮುಂತಾದವನ್ನು ಮನೆಯಲ್ಲಿ ಸಾಕುವುದು ಅಪರಾಧ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2019ರಿಂದ ಪೂರ್ಣ ತಡೆಯಿದೆ. ಗಾಯಗೊಂಡ ವನ್ಯಜೀವಿ ಕೈಸೇರಿದರೆ 48 ಗಂಟೆಗಳೊಳಗೆ ಅರಣ್ಯಾಧಿಕಾರಿಗೋ ಪೊಲೀಸ್ ಠಾಣೆಗೋ ತಿಳಿಸಬೇಕು. ಸಾರ್ವಜನಿಕರಿಗೆ ಪ್ರಾಣಿಗಳನ್ನು ತೋರಿಸುವ ಸಂಸ್ಥೆಗೆ, ಅದು ಎಷ್ಟೇ ಚಿಕ್ಕದಾಗಿದ್ದರೂ, ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಬೇಕು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಪಕ್ಷಿಗಳನ್ನು ಇಟ್ಟುಕೊಂಡವರೂ ಅವುಗಳನ್ನು ನೋಂದಾಯಿಸಬೇಕಾಗಿದೆ. ಒಳ್ಳೆಯ ಮನಸ್ಸು ಪರವಾನಗಿಯ ಬದಲಿಗೆ ನಿಲ್ಲಲಾರದು. ಕಾನೂನನ್ನು ಪಾಲಿಸುವ ಕುಟುಂಬಕ್ಕೆ ಆ ಕಾಗದಗಳನ್ನು ತೋರಿಸುವುದರಲ್ಲಿ ಸಂಕೋಚವೂ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಹೊಲಗಳಿಗೇ ಬರೋಣ. ಕಬ್ಬಿನ ಕಟಾವು ಆರಂಭವಾದೊಡನೆ ಎರಡಾಳೆತ್ತರದ ಆ ಹಸಿರು ಕಾಡು ದಿನಕ್ಕೊಂದು ಪಟ್ಟಿಯಂತೆ ಕರಗುತ್ತದೆ. ಅದರೊಳಗೆ ಮರಿ ಹಾಕಿದ ಕಾಡುಬೆಕ್ಕು, ನರಿ, ಮುಂಗುಸಿಗಳು ಹೊರಗೆ ಓಡುತ್ತವೆ. ಕಣ್ಣು ಬಿಡದ ಮರಿಗಳು ರವದಿಯ ಮೇಲೆ ಉಳಿಯುತ್ತವೆ. ಕಬ್ಬು ಕಡಿಯುವವರಿಗೆ ಅವು ಸಿಗುತ್ತವೆ. ಕಾಡುಬೆಕ್ಕಿನ ಮರಿಗಳನ್ನು ಚಿರತೆಮರಿಗಳೆಂದು ತಿಳಿದು ಊರೇ ಗಾಬರಿಯಾಗುವುದೂ ಉಂಟು. ಯಾರೋ ಕರುಣೆಯಿಂದ ಮನೆಗೆ ತಂದು ಆಕಳ ಹಾಲು ಕುಡಿಸುತ್ತಾರೆ. ಹೊಟ್ಟೆ ಕೆಟ್ಟು ಮರಿ ಸಾಯುತ್ತದೆ. ಬದುಕಿದರೆ ಇನ್ನಾವುದೋ ಆಶ್ರಯತಾಣದ ಪಂಜರ ಸೇರುತ್ತದೆ, ಅದನ್ನು ನೋಡಲು ನಮ್ಮ ಮಕ್ಕಳು ಟಿಕೆಟ್ ಕೊಂಡು ಹೋಗುತ್ತಾರೆ. ಆದರೆ ಆ ಮರಿ ಅನಾಥವಾಗಿತ್ತೇ? ತಾಯಿ ಅಲ್ಲಿಯೇ ಪಕ್ಕದ ಪಟ್ಟಿಯಲ್ಲಿ ಕತ್ತಲಾಗುವುದನ್ನೇ ಕಾಯುತ್ತಿತ್ತು.

ಮಹಾರಾಷ್ಟ್ರದ ಜುನ್ನರ ಭಾಗ ನಮ್ಮಂತೆಯೇ ಕಬ್ಬಿನ ಸೀಮೆ. ಅಲ್ಲಿನ ಮಾಣಿಕಡೋಹದಲ್ಲಿ 2002ರಲ್ಲಿ ಚಿರತೆಗಳ ರಕ್ಷಣಾ ಕೇಂದ್ರ ಆರಂಭವಾಯಿತು. ಕಬ್ಬಿನಲ್ಲಿ ಸಿಕ್ಕ ಚಿರತೆಮರಿಗಳನ್ನು ಅಲ್ಲಿನ ಅರಣ್ಯ ಇಲಾಖೆ ಮತ್ತು ಪಶುವೈದ್ಯರು ಪರೀಕ್ಷಿಸಿ, ಸಿಕ್ಕ ಸ್ಥಳದಲ್ಲಿಯೇ ಪೆಟ್ಟಿಗೆಯಲ್ಲಿಟ್ಟು, ದೂರದಿಂದ ಕ್ಯಾಮೆರಾ ಹೂಡಿ ಕಾಯುತ್ತಾರೆ. ರಾತ್ರಿ ತಾಯಿ ಬಂದು ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ. ಇಂತಹ ಪುನರ್ಮಿಲನ ಅಲ್ಲಿ ಮತ್ತೆ ಮತ್ತೆ ನಡೆದಿದೆ. ಕೇಂದ್ರದೊಳಕ್ಕೆ ಬಾರದೆಯೇ ತಾಯಿಯನ್ನು ಸೇರಿದ ಮರಿಯೇ ಅಲ್ಲಿನ ನಿಜವಾದ ಯಶಸ್ಸು. ನಮ್ಮಲ್ಲಿಯೂ ಇದೇ ಆಗಬೇಕು. ಮರಿ ಕಂಡೊಡನೆ ಆ ಸಾಲಿನ ಕಟಾವು ನಿಲ್ಲಿಸಿ, ಜನರನ್ನೂ ನಾಯಿಗಳನ್ನೂ ದೂರ ಸರಿಸಿ, ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕರೆ ಮಾಡುವುದು ಮೊದಲ ಕೆಲಸ. ರೆಕ್ಕೆ ಮೂಡುತ್ತಿರುವ ಹಕ್ಕಿಮರಿ ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆಯೆಂದೇ ಬಹುಮಟ್ಟಿಗೆ ಅರ್ಥ. ಬೆಕ್ಕಿಗೆ ಎಟಕದ ಕೊಂಬೆಯ ಮೇಲಿಟ್ಟರೆ ಸಾಕು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿಹಕ್ಕಿ ತೊರೆಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ರವದಿಗೆ ಬೆಂಕಿಯಿಡುವುದನ್ನು ಬಿಟ್ಟರೆ ಮಣ್ಣಿಗೂ ಲಾಭ, ಅದರಲ್ಲಿ ಅಡಗಿದ ಜೀವಗಳಿಗೂ ಲಾಭ ಎಂಬುದನ್ನು ಕೃಷಿ ವಿಜ್ಞಾನಿಯಾಗಿ ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಹಾಗಾದರೆ ಶಿಕ್ಷಕರು, ಪಾಲಕರು ಮಕ್ಕಳನ್ನು ಕರೆದೊಯ್ಯುವ ಮುನ್ನ ಏನು ವಿಚಾರಿಸಬೇಕು? ಐದು ಪ್ರಶ್ನೆಗಳು ಸಾಕು. ಒಂದು, ಇಲ್ಲಿಗೆ ಬಂದ ಪ್ರಾಣಿಗಳ ದಾಖಲೆ ಪುಸ್ತಕವಿದೆಯೇ, ಕಳೆದ ವರ್ಷ ಎಷ್ಟು ಬಂದವು, ಎಷ್ಟು ಸತ್ತವು, ಎಷ್ಟನ್ನು ಹೊರಗೆ ಬಿಡಲಾಯಿತು? ಸಾವನ್ನು ಮುಚ್ಚಿಡದೆ ಹೇಳುವ ತಾಣವೇ ನಂಬಲರ್ಹ. ಎರಡು, ಅರಣ್ಯ ಇಲಾಖೆಯ ಒಪ್ಪಿಗೆ ಮತ್ತು ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇದೆಯೇ? ಮೂರು, ಪಶುವೈದ್ಯರು ಯಾರು, ಹೊಸ ಪ್ರಾಣಿಗಳನ್ನು ಬೇರೆಯಾಗಿಡುವ ಏರ್ಪಾಡು ಏನು? ನಾಲ್ಕು, ಹಾವನ್ನು ಕೊರಳಿಗೆ ಹಾಕಿ, ಗೂಬೆಯನ್ನು ಕೈಮೇಲೆ ಕೂರಿಸಿ ಫೋಟೊ ತೆಗೆಸಿಕೊಳ್ಳಲು ಬಿಡುತ್ತಾರೆಯೇ? ಬಿಡುವುದಾದರೆ ಅಲ್ಲಿಗೆ ಹೋಗಬೇಡಿರಿ. ಐದು, ರಕ್ಷಿಸುವ ಕೈಗಳೇ ಮಾರಾಟವನ್ನೂ ಮಾಡುತ್ತಿವೆಯೇ? ಒಂದು ಕೋಣೆಯಲ್ಲಿ ಕೈಬಿಟ್ಟ ಆಮೆಗೆ ಆಶ್ರಯ, ಪಕ್ಕದ ಕೋಣೆಯಲ್ಲಿ ಮರಿ ಆಮೆಗಳ ವ್ಯಾಪಾರ ಎಂದಾದರೆ ಮಗುವಿಗೆ ಕಲಿಸುವುದೇನು?

ಈ ಪ್ರಶ್ನೆಗಳನ್ನು ದೊಡ್ಡವರು ಮಾತ್ರ ಕೇಳಬೇಕೆಂದಿಲ್ಲ. ಏಳನೆಯ ತರಗತಿಯ ಹುಡುಗಿಯೊಬ್ಬಳು ‘ಇದನ್ನು ಯಾವಾಗ ಬಿಡುತ್ತೀರಿ?’ ಎಂದು ವಿನಯದಿಂದ ಕೇಳಿದರೆ ಒಳ್ಳೆಯ ಆಶ್ರಯದಾತರಿಗೆ ಸಂತೋಷವಾಗುತ್ತದೆ, ಉಳಿದವರಿಗೆ ಯೋಚನೆಯಾಗುತ್ತದೆ. ಎರಡೂ ನಮಗೆ ಬೇಕು. ತೃಪ್ತಿಕರ ಉತ್ತರ ಕೊಡುವ ಕುಟುಂಬಗಳನ್ನು ನಾವು ಒಂಟಿಯಾಗಿ ಬಿಡಬಾರದು. ಒಂದು ತಲೆಮಾರಿನ ಪ್ರೀತಿಯ ಮೇಲೆ ನಿಂತ ಆಶ್ರಯ ಮುಂದಿನ ತಲೆಮಾರಿಗೆ ಹೊರೆಯಾದಾಗ ಪ್ರಾಣಿಗಳ ಗತಿಯೇನೆಂಬ ಚಿಂತೆ ಅಂತಹ ಪ್ರತಿಯೊಂದು ಮನೆಯಲ್ಲೂ ಇರುತ್ತದೆ. ಊರಿನ ಬೆಂಬಲ, ಪಂಚಾಯಿತಿಯ ನೆರವು, ಇಲಾಖೆಯ ಮೇಲ್ವಿಚಾರಣೆ ಇದ್ದರೆ ಮಾತ್ರ ಆ ಕೆಲಸಕ್ಕೆ ಬಾಳಿಕೆ.

ಪ್ರವಾಸದ ದಿನವೊಂದೇ ಪ್ರಾಣಿಲೋಕದ ದರ್ಶನವಾಗಬಾರದು. ನಮ್ಮ ಹಿರಿಯರು ಗಾಜಿನ ಗೋಡೆಯಿಲ್ಲದ ಮತ್ಸ್ಯಾಲಯಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. 1996ರಲ್ಲಿ ದುಷ್ಕರ್ಮಿಗಳು ಶಿಶಿಲದ ನೀರಿಗೆ ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದಾಗ ಆ ಊರಿನವರು ಅವುಗಳಿಗೆ ಸ್ಮಾರಕವನ್ನೇ ಕಟ್ಟಿದರು. ಮೀನಿಗಾಗಿ ಶೋಕಿಸಬಲ್ಲ ಊರು ಮಕ್ಕಳು ನೋಡಬೇಕಾದ ಊರು.

ಹುಕ್ಕೇರಿ ತಾಲ್ಲೂಕಿನ ಮಕ್ಕಳಿಗಂತೂ ಇಂತಹ ಸಂಗತಿ ತಮ್ಮ ಹೊಳೆಯ ಮೂಲದಲ್ಲಿಯೇ ಇದೆ. ಸಂಕೇಶ್ವರದ ಮುಂದೆ ಹರಿಯುವ ಹಿರಣ್ಯಕೇಶಿ ಮಹಾರಾಷ್ಟ್ರದ ಅಂಬೋಲಿಯಲ್ಲಿ ಮಹಾದೇವನ ಗುಡಿಯ ಬಳಿಯ ಬುಗ್ಗೆಯಾಗಿ ಹುಟ್ಟುತ್ತದೆ. ಆ ಗುಡಿಯ ಕೊಳದಲ್ಲಿ ವಿಜ್ಞಾನಕ್ಕೆ ಅಲ್ಲಿಯವರೆಗೆ ತಿಳಿಯದಿದ್ದ, ಬೆರಳಿನಷ್ಟೂ ಉದ್ದವಿಲ್ಲದ ಬಣ್ಣದ ಮೀನೊಂದನ್ನು ಸಂಶೋಧಕರು ಗುರುತಿಸಿ 2020ರಲ್ಲಿ ಪ್ರಕಟಿಸಿದರು. ನದಿಯ ಹೆಸರನ್ನೇ ಇಟ್ಟು ಅದನ್ನು ಷಿಸ್ಟುರಾ ಹಿರಣ್ಯಕೇಶಿ ಎಂದು ಕರೆದರು. ಮೀನು ಹಿಡಿಯುವವರಿಂದ ಅದು ಅಳಿಯದಿರಲೆಂದು ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಆ ಪುಟ್ಟ ಪ್ರದೇಶವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಎರಡು ಹೆಕ್ಟೇರಿನಷ್ಟು ಜಾಗ ಒಂದು ಕಿರುಮೀನಿಗಾಗಿ ಮೀಸಲಾಯಿತು. ನಮ್ಮ ಹೊಲಕ್ಕೆ ಬರುವ ನೀರು ಆ ಮೀನಿನ ಮನೆಯನ್ನು ದಾಟಿ ಬರುತ್ತದೆ ಎಂದು ಎಷ್ಟು ಪಾಠಗಳಲ್ಲಿ ಹೇಳಿದ್ದೇವೆ?

ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ 1974ರಿಂದ ಘಟಪ್ರಭಾ ಪಕ್ಷಿಧಾಮವಿದೆ. ಸುಮಾರು 30 ಚದರ ಕಿಲೋಮೀಟರ್ ವಿಸ್ತಾರದ ಅಲ್ಲಿಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಕ್ರೌಂಚಗಳೂ ಬಿಳಿ ಕೊಕ್ಕರೆಗಳೂ ಬರುತ್ತವೆ. ಕೌಜಲಗಿಯ ಮಕ್ಕಳಿಗೆ ಇದು ದೂರದ ದಾರಿಯಲ್ಲ. ಪಂಜರವಿಲ್ಲ, ಕೈಗೆ ಸಿಗುವ ಪ್ರಾಣಿಯಿಲ್ಲ. ಬೆಳಗಿನ ಚಳಿಯಲ್ಲಿ ಸುಮ್ಮನೆ ಕುಳಿತು ಕಾಯಬೇಕು. ಕಾಯುವುದನ್ನು ಕಲಿಯುವುದೇ ಪ್ರಕೃತಿ ಶಿಕ್ಷಣದ ಅರ್ಧ ಭಾಗ.

ಆದ್ದರಿಂದ ನಮ್ಮ ಬಳಗ ಈ ಭಾಗದ ಶಾಲೆಗಳ, ಪಂಚಾಯಿತಿಗಳ, ಇಲಾಖೆಯ ಮುಂದೆ ಕೆಲವು ಬೇಡಿಕೆಗಳನ್ನಿಡುತ್ತದೆ. ಪ್ರತಿಯೊಂದು ಪ್ರೌಢಶಾಲೆಯೂ ವರ್ಷಕ್ಕೊಮ್ಮೆ ಧೂಪದಾಳಕ್ಕೆ ಹೋಗಿ ಪಕ್ಷಿಗಳನ್ನು ಎಣಿಸಿ ದಾಖಲಿಸಲಿ. 2002ರ ಜೀವವೈವಿಧ್ಯ ಕಾಯಿದೆಯನ್ವಯ ಪಂಚಾಯಿತಿಗಳಲ್ಲಿ ರಚನೆಯಾಗಿರುವ ಸಮಿತಿಗಳು ಕಪಾಟಿನಿಂದ ಹೊರಬಂದು, ಹಳ್ಳಕೊಳ್ಳಗಳ ಮೀನುಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆಯುವ ಕೆಲಸವನ್ನು ಮಕ್ಕಳಿಗೆ ವಹಿಸಲಿ. ಆ ಹೆಸರುಗಳನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಬಹಳ ಕಾಲ ಇರಲಾರರು. ಗೋಕಾಕ–ಹುಕ್ಕೇರಿ ಭಾಗದಲ್ಲಿ ಗಾಯಗೊಂಡ ವನ್ಯಜೀವಿಗಳಿಗೆ ಪ್ರಥಮ ಚಿಕಿತ್ಸೆ ನೀಡಿ ಮರಳಿ ಬಿಡುವ, ಪ್ರದರ್ಶನವಿಲ್ಲದ ಒಂದು ಚಿಕ್ಕ ಘಟಕವನ್ನು ಅರಣ್ಯ ಇಲಾಖೆ ಸ್ಥಾಪಿಸಲಿ. ಅನುಭವವುಳ್ಳ ಕುಟುಂಬಗಳನ್ನು ಅದರಲ್ಲಿ ತೊಡಗಿಸಿಕೊಳ್ಳಲಿ. ಸಕ್ಕರೆ ಕಾರ್ಖಾನೆಗಳು ಹಂಗಾಮು ಆರಂಭಿಸುವ ಮುನ್ನ ಕಟಾವಿನ ತಂಡಗಳಿಗೆ ಮರಿಗಳು ಸಿಕ್ಕಾಗ ಮಾಡಬೇಕಾದುದನ್ನು ತಿಳಿಸಿಕೊಡಲಿ. ಒಂದು ಸಾಲನ್ನು ಒಂದು ರಾತ್ರಿ ಬಿಟ್ಟ ತಂಡಕ್ಕೆ ಕೂಲಿಯ ನಷ್ಟವಾಗದಂತೆ ನೋಡಿಕೊಳ್ಳಲಿ.

ಶಿಕ್ಷಕ ಮಿತ್ರರಿಗೆ ನಮ್ಮ ಉತ್ತರ ಇಷ್ಟು: ಸರಿಯಾದ ಸ್ಥಳವನ್ನು ಆರಿಸಿ ಅವಶ್ಯವಾಗಿ ಹೋಗಿರಿ, ಪ್ರಶ್ನೆಗಳೊಂದಿಗೆ ಹೋಗಿರಿ, ಹಿಂದಿರುಗಿದ ಮರುದಿನ ಮಕ್ಕಳನ್ನು ಊರ ಹಳ್ಳದ ದಂಡೆಗೆ ಕರೆದೊಯ್ಯಿರಿ. ಗಾಯಗೊಂಡ ಒಂದು ಹಕ್ಕಿಗೆ ನೀರು ಕುಡಿಸುವ ಕೈ ಪವಿತ್ರವಾದದ್ದು. ಹಕ್ಕಿಗೆ ಗಾಯವೇ ಆಗದಂತೆ ಮರ, ಹೊಲ, ಹೊಳೆಗಳನ್ನು ಉಳಿಸಿಕೊಳ್ಳುವ ಊರನ್ನು ಕಟ್ಟುವುದು ಅದಕ್ಕಿಂತ ದೀರ್ಘವಾದ ಕೆಲಸ. ಅದನ್ನು ಮಾಡಬೇಕಾದವರು ಇಂದು ನಿಮ್ಮ ತರಗತಿಯಲ್ಲಿ ಕುಳಿತಿದ್ದಾರೆ.